ಉಂಡವರ ಋಣ

ಜೀವಿಯು ಜೀವಿಯನ್ನು ತಿಂದು ಬದುಕುವುದು ಪಾಪವೇ? ನಮ್ಮ ಗದ್ದೆಯನ್ನೇ ನೋಡೋಣ. ಸೂರ್ಯನ ಶಕ್ತಿಯನ್ನು ಪೈರು ಹಿಡಿದಿಡುತ್ತದೆ. ಪೈರನ್ನು ಮಿಡತೆಯೂ, ಮಿಡತೆಯನ್ನು ಕಪ್ಪೆಯೂ, ಕಪ್ಪೆಯನ್ನು ಹಾವೂ ತಿನ್ನುತ್ತವೆ. ಪ್ರತಿಯೊಂದು ಮೆಟ್ಟಿಲಿನಲ್ಲಿಯೂ ಶಕ್ತಿಯ ಬಹುಭಾಗವು ಶಾಖವಾಗಿ ಕಳೆದುಹೋಗಿ, ಸುಮಾರು ಹತ್ತರಲ್ಲೊಂದು ಪಾಲು ಮಾತ್ರ ಮೇಲಕ್ಕೇರುತ್ತದೆ. ಆದುದರಿಂದಲೇ ಮಿಡತೆಗಳು ಅಸಂಖ್ಯ, ಹಾವುಗಳು ಕೆಲವೇ.

ಹಾವು ಹಸಿವಿನಷ್ಟೇ ತಿನ್ನುತ್ತದೆ. ಮನುಷ್ಯನಾದರೋ ಕೇರಳವೇ ಮೊದಲಾದ ಕಡೆಗಳಲ್ಲಿ ಗದ್ದೆಗದ್ದೆಯ ಕಪ್ಪೆಗಳನ್ನು ಹಿಡಿದು, ಅವುಗಳ ಕಾಲುಗಳನ್ನು ಪರದೇಶಗಳಿಗೆ ಮಾರಿದನು. 1987ರಲ್ಲಿ ಭಾರತ ಸರಕಾರವು ಆ ರಫ್ತನ್ನು ನಿಷೇಧಿಸಬೇಕಾಯಿತು.

ತಿನ್ನುವುದು ಪಾಪವಲ್ಲ, ನಡುವಣ ಮೆಟ್ಟಿಲನ್ನೇ ಕಿತ್ತು ಮಾರುವುದು ಪಾಪ. ಸಾಗಿಹೋದ ಶಕ್ತಿಯು ಹಿಂದಕ್ಕೆ ಬಾರದು. ಸೂರ್ಯನ ಋಣವನ್ನು ಸೂರ್ಯನಿಗೆ ತೀರಿಸಲಾರೆವು. ಹಸಿವು ಮುಗಿದು ಆಸೆ ತೊಡಗುವಲ್ಲಿ ಕೈಯನ್ನು ತಡೆಯುವುದೊಂದೇ ನಾವು ಸಲ್ಲಿಸಬಹುದಾದ ಋಣಸಂದಾಯ.