ಸಾಕುವುದು ಎಂದರೆ

ಬೆಟಗೇರಿಯ ನಮ್ಮ ಮನೆಗೆ ಒಮ್ಮೆ ನೆಂಟರೊಬ್ಬರು ಮಗನಿಗೆಂದು ಅಂಗೈಯಗಲದ ನಕ್ಷತ್ರ ಆಮೆಯೊಂದನ್ನು ತಂದರು. “ಆಮಿ ಮನಿಗೆ ಬಂದ್ರ ಲಕ್ಷ್ಮಿ ಬಂದಂಗರೀ ಅಕ್ಕೋರ” ಎಂದರು ಪಕ್ಕದ ಮನೆಯಾಕೆ. ನಾನೂ ನಂಬಿದೆ. ಬೆಕ್ಕು ಮುಟ್ಟದಿರಲೆಂದು ಅಡುಗೆಮನೆಯ ಮೂಲೆಯಲ್ಲಿ ಪ್ಲಾಸ್ಟಿಕ್ ಬುಟ್ಟಿಯೊಳಗಿಟ್ಟು, ಹಾಲು-ಅನ್ನ ಹಾಕಿ ಸಾಕಿದೆ.

ಕೆಲವು ತಿಂಗಳಲ್ಲಿ ಅದರ ಚಿಪ್ಪು ಮೆತ್ತಗಾಯಿತು, ಹಿಂಗಾಲು ಎಳೆಯತೊಡಗಿತು. ಪಶುವೈದ್ಯರು ನೋಡಿ ಹೇಳಿದರು: ಬಿಸಿಲು ಬೀಳದಿದ್ದರೆ ಮೈಯಲ್ಲಿ ‘ಡಿ’ ಜೀವಸತ್ವ ಹುಟ್ಟದು, ಅದಿಲ್ಲದೆ ಸುಣ್ಣದ ಅಂಶ ಚಿಪ್ಪಿಗೆ ಸೇರದು. ಹುಲ್ಲು-ಸೊಪ್ಪು ತಿಂದು, ಒಣನೆಲದಲ್ಲಿ ತಿರುಗಾಡಿ ಬೆಳೆಯಬೇಕಾದ ಜೀವ ಅದು. ಮೇಲಾಗಿ 1972ರ ವನ್ಯಜೀವಿ ಕಾಯ್ದೆಯಂತೆ ಅದನ್ನು ಮನೆಯಲ್ಲಿಡುವುದೇ ತಪ್ಪು. 2022ರ ತಿದ್ದುಪಡಿಯಲ್ಲಿ ಅದು ಹುಲಿಯಿರುವ ಮೊದಲ ಪಟ್ಟಿಗೇ ಸೇರಿದೆ.

“ಹಾಗಾದರೆ ಕಪ್ಪತಗುಡ್ಡದಲ್ಲಿ ಬಿಟ್ಟು ಬರೋಣವೇ?” ಎಂದೆ. ಕಂಡಲ್ಲಿ ಬಿಟ್ಟರೆ ಕಾಡಿನ ಆಮೆಗಳಿಗೂ ರೋಗ ತಗಲೀತು ಎಂದರು. ಅರಣ್ಯ ಇಲಾಖೆಯವರಿಗೆ ಒಪ್ಪಿಸಿದೆವು. ಮಗ ಅತ್ತ. ಅದು ಬದುಕಿತೋ ಇಲ್ಲವೋ ಎಂದು ಕೇಳುವ ಧೈರ್ಯ ನನಗಿಂದಿಗೂ ಬಂದಿಲ್ಲ.

ನಾನದನ್ನು ಹೊಡೆಯಲಿಲ್ಲ, ಉಪವಾಸ ಕೆಡವಲಿಲ್ಲ, ಅಕ್ಕರೆಯಿಂದಲೇ ಕೆಡಿಸಿದೆ. ಅದಕ್ಕೆ ಬೇಕಾದುದನ್ನು ಕೇಳದೆ, ನನಗೆ ಕೊಡಬೇಕೆನಿಸಿದ್ದನ್ನು ಕೊಟ್ಟೆ. ಅಕ್ಕರೆಯಿತ್ತು ಎಂದ ಮಾತ್ರಕ್ಕೆ ತಪ್ಪು ಕಡಿಮೆಯಾಗುತ್ತದೆಯೇ? ಇಲ್ಲವೆಂದೇ ನನಗೆ ತೋರುತ್ತದೆ.

ಆ ವರ್ಷವೇ ಹಿರಿಯ ಮಗಳು ಧಾರವಾಡಕ್ಕೆ ಓದಲು ಹೋಗುತ್ತೇನೆಂದಿದ್ದಳು. “ಕಣ್ಣ ಮುಂದೆ ಇರು, ಇಲ್ಲೇ ಗದಗಿನಲ್ಲಿ ಓದು” ಎಂದು ಗದರಿದ್ದೆ. ಖಾಲಿ ಬುಟ್ಟಿಯನ್ನು ತೊಳೆದು ಬೋರಲು ಹಾಕಿದ ದಿನ, ಅವಳನ್ನು ಕರೆದು ಅರ್ಜಿಗೆ ಸಹಿ ಹಾಕಿಕೊಟ್ಟೆ.