ಸಂದೇಹದ ಭಾರವನ್ನು ಹೊರುವವರು ಯಾರು?

ಪರಿಸರ ಕಾನೂನನ್ನು ಕುರಿತು ಕಾನೂನು ವಿದ್ಯಾರ್ಥಿಗಳಿಗಾಗಿ ಪ್ರಬಂಧ ಸ್ಪರ್ಧೆಗಳು ಈಗ ದೇಶದ ನಾನಾ ಕಡೆಗಳಲ್ಲಿ ನಡೆಯುತ್ತಿವೆ. ಇದು ಸಂತೋಷದ ಸಂಗತಿಯೇ ಸರಿ; ಇಂದಿನ ಈ ತರುಣರು ನಾಳೆ ವಕೀಲರೂ ನ್ಯಾಯಾಧೀಶರೂ ಆಗತಕ್ಕವರು. ಆದರೆ ಇಂತಹ ಪ್ರಬಂಧಗಳ ಬುಡದಲ್ಲಿ ಕಾನೂನಿಗಿಂತಲೂ ಹಳೆಯದಾದ ಒಂದು ಧರ್ಮಪ್ರಶ್ನೆ ಅಡಗಿದೆ. ಒಂದು ಕಾರ್ಯದಿಂದ ಕೇಡಾಗುವುದೋ ಇಲ್ಲವೋ ಎಂಬುದು ನಿಶ್ಚಯವಾಗಿ ತಿಳಿಯದಿರುವಾಗ, ಆ ಸಂದೇಹದ ಭಾರವನ್ನು ಯಾರು ಹೊರಬೇಕು? ಕೇಡನ್ನು ಶಂಕಿಸುವವನು ಅದನ್ನು ರುಜುಪಡಿಸಬೇಕೇ, ಅಥವಾ ಲಾಭ ಪಡೆಯುವವನು ತನ್ನ ಕಾರ್ಯವು ನಿರಪಾಯವೆಂದು ತೋರಿಸಿಕೊಡಬೇಕೇ?

ಇದಕ್ಕೆ ಉದಾಹರಣೆಯನ್ನು ಅರಸಿ ಕಾಸರಗೋಡಿನವರಾದ ನಾವು ದೂರ ಹೋಗಬೇಕಾಗಿಲ್ಲ. ಗೇರಿನ ಚಿಗುರನ್ನು ಹೀರುವ ಟೀ ಸೊಳ್ಳೆಯನ್ನು ಕೊಲ್ಲಲು, ಇಲ್ಲಿಯ ಸರಕಾರಿ ಒಡೆತನದ ಗೇರುತೋಟಗಳ ಮೇಲೆ 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಲಾಯಿತು. ಎಣ್ಮಕಜೆಯಂತಹ ಗ್ರಾಮಗಳಲ್ಲಿ ತೋಟದ ಕೆಳಗಿನ ತೋಡು, ಬಾವಿ, ಸುರಂಗಗಳ ನೀರನ್ನೇ ಜನರು ಕುಡಿಯುತ್ತಿದ್ದರು. ಕರುಗಳು ಅಂಗವಿಕಲವಾಗಿ ಹುಟ್ಟುವುದನ್ನು ಕಂಡು ಪತ್ರಕರ್ತರಾದ ಶ್ರೀ ಪಡ್ರೆಯವರು ಬಹು ಮೊದಲೇ ಬರೆದು ಎಚ್ಚರಿಸಿದರು. ಮುಂದೆ ಮಕ್ಕಳಲ್ಲಿಯೂ ಅಂಗವೈಕಲ್ಯ, ಬುದ್ಧಿಮಾಂದ್ಯಗಳು ಕಂಡುಬಂದವು. ಆಗ ಜನರಿಗೆ ದೊರೆತ ಉತ್ತರವು ಒಂದೇ: ಸಾಕ್ಷ್ಯವೆಲ್ಲಿ? ಸರ್ವೋಚ್ಚ ನ್ಯಾಯಾಲಯವು ಇಡೀ ದೇಶದಲ್ಲಿ ಈ ವಿಷವನ್ನು ತಡೆದುದು 2011ರ ಮೇ ತಿಂಗಳಲ್ಲಿ. ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಬೇಕೆಂದು 2017ರಲ್ಲಿ ಅದು ಆಜ್ಞಾಪಿಸಿತು. ಆ ಹಣವೂ ಎಲ್ಲರಿಗೆ ಮುಟ್ಟಲಿಲ್ಲವೆಂಬ ದೂರನ್ನು 2022ರಲ್ಲಿ ಮತ್ತೆ ವಿಚಾರಿಸಬೇಕಾಯಿತು.

ವಿಶೇಷವೇನೆಂದರೆ, ಅದೇ ನ್ಯಾಯಾಲಯವು 1996ರಷ್ಟು ಹಿಂದೆಯೇ ನಮ್ಮ ಪ್ರಶ್ನೆಗೆ ಉತ್ತರ ಕೊಟ್ಟಿತ್ತು. ತಮಿಳುನಾಡಿನ ಪಾಲಾರ್ ನದಿಯನ್ನು ಕೆಡಿಸಿದ ಚರ್ಮ ಹದಮಾಡುವ ಕಾರ್ಖಾನೆಗಳ ಮೊಕದ್ದಮೆಯಲ್ಲಿ, ಮುನ್ನೆಚ್ಚರಿಕೆಯ ತತ್ತ್ವವು ಈ ದೇಶದ ಕಾನೂನಿನ ಅಂಗವೆಂದೂ, ನಿರಪಾಯವೆಂದು ತೋರಿಸುವ ಹೊಣೆ ಉದ್ಯಮ ನಡೆಸುವವನದೆಂದೂ ತೀರ್ಪಾಯಿತು.

ಇದಕ್ಕೆ ಒಂದು ಆಕ್ಷೇಪವುಂಟು. ಅದನ್ನು ತಳ್ಳಿಹಾಕುವುದು ನ್ಯಾಯವಲ್ಲ. ಪ್ರತಿಯೊಂದೂ ಪೂರ್ಣ ನಿರಪಾಯವೆಂದು ಸಿದ್ಧವಾಗುವವರೆಗೆ ಕಾಯುವುದಾದರೆ ಹೊಸ ಔಷಧವಿಲ್ಲ, ಕಾರ್ಖಾನೆಯಿಲ್ಲ, ಕೂಲಿಯವನಿಗೆ ಅನ್ನವೂ ಇಲ್ಲ. ಗೇರುತೋಟವನ್ನು ನಂಬಿ ಬದುಕಿದ ಸಂಸಾರಗಳೂ ಇದೇ ಮಣ್ಣಿನವು. ಅತಿಭಯದಿಂದಲೂ ಬಡವನಿಗೆ ನಷ್ಟವುಂಟು.

ಆದರೂ ಎರಡು ಬಗೆಯ ತಪ್ಪುಗಳನ್ನು ತಕ್ಕಡಿಯಲ್ಲಿಟ್ಟು ನೋಡೋಣ. ನಿರಪಾಯವಾದುದನ್ನು ನಿಷೇಧಿಸಿದರೆ ಒಂದೆರಡು ವರ್ಷಗಳ ಬೆಳೆ ಕಡಿಮೆಯಾದೀತು. ಆ ನಷ್ಟವನ್ನು ತುಂಬಿಕೊಡಬಹುದು. ಅಪಾಯಕರವಾದುದನ್ನು ಬಿಟ್ಟುಬಿಟ್ಟರೆ ಹುಟ್ಟುವ ಮಗುವಿನ ಕೈಕಾಲುಗಳು ಕೆಡುತ್ತವೆ. ಅದನ್ನು ಯಾವ ಬೊಕ್ಕಸವೂ ತುಂಬಿಕೊಡಲಾರದು. ಇವೆರಡೂ ಸಮತೂಕದವಲ್ಲ. ಮತ್ತೊಂದು ಭೇದವೂ ಇದೆ. ಹೊಸ ಔಷಧವನ್ನು ಕುಡಿಯುವ ರೋಗಿಯು ಒಪ್ಪಿ ಕುಡಿಯುತ್ತಾನೆ. ಗುಣವಾದರೆ ಅದರ ಫಲವೂ ಅವನದೇ. ಹೆಲಿಕಾಪ್ಟರಿನ ಕೆಳಗೆ ನಡೆದು ಶಾಲೆಗೆ ಹೋದ ಮಗುವನ್ನು ಯಾರೂ ಕೇಳಿರಲಿಲ್ಲ. ಗೇರುಬೀಜದ ಲಾಭವೂ ಅದಕ್ಕೆ ಬರಲಿಲ್ಲ. ಕೇಡು ಮರಳಿ ಸರಿಪಡಿಸಲಾಗದ್ದಾಗಿದ್ದು, ಅದನ್ನು ಹೊರುವವನ ಒಪ್ಪಿಗೆ ಇಲ್ಲದಿರುವೆಡೆಯಲ್ಲಿ, ರುಜುವಾತಿನ ಹೊಣೆ ಲಾಭ ಪಡೆಯುವವನದೇ ಆಗಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ. ಉಳಿದೆಡೆಗಳಲ್ಲಿ ಉದ್ಯಮಕ್ಕೆ ಅವಕಾಶವಿರಲಿ.

ಸ್ಪರ್ಧೆಗೆ ಬರೆಯುವ ವಿದ್ಯಾರ್ಥಿಯು ತೀರ್ಪುಗಳನ್ನು ಅವಶ್ಯವಾಗಿ ಓದಲಿ. ಆದರೆ 1996ರ ತೀರ್ಪು ಪುಸ್ತಕದಲ್ಲಿರುವಾಗಲೇ ಇಲ್ಲಿ ಇನ್ನೂ ಕೆಲವು ವರ್ಷ ವಿಷವು ಸುರಿಯಿತೆಂಬುದನ್ನು ಮರೆಯದಿರಲಿ. ಆ ವರ್ಷಗಳಲ್ಲಿ ಸಾಕ್ಷಿ ನುಡಿದವರು ಕನ್ನಡ, ತುಳು, ಮಲೆಯಾಳಗಳಲ್ಲಿ ಮಾತನಾಡುವ ರೈತರು, ತಾಯಂದಿರು. ಅವರ ಮಾತನ್ನು ಎಚ್ಚರಿಕೆಯೆಂದು ಮೊದಲ ದಿನವೇ ಲೆಕ್ಕಕ್ಕೆ ಹಿಡಿಯುವುದು ಹೇಗೆಂಬುದನ್ನು ಯಾವ ಪ್ರಬಂಧವು ವಿಚಾರಿಸುವುದೋ, ಅದಕ್ಕೆ ಬಹುಮಾನ ಸಲ್ಲಲಿ.