ಸವೆಯುತ್ತಿರುವ ಪೊರೆ



ಗೋಪುರ ಕಟ್ಟ ಹೊರಟವನು ಮೊದಲು ಕುಳಿತು ಲೆಕ್ಕ ಹಾಕಬೇಕೆಂದು ಪ್ರಭು ಯೇಸು ಹೇಳಿದ ಸಾಮತಿ ನಿಮಗೆ ಗೊತ್ತು (ಲೂಕ 14). ಅದನ್ನು ಓದುವಾಗಲೆಲ್ಲ ನನಗೆ ಆರ್-101 ಎಂಬ ವಾಯುನೌಕೆ ನೆನಪಾಗುತ್ತದೆ.

ವಿಮಾನಗಳು ಇನ್ನೂ ಚಿಕ್ಕವಾಗಿದ್ದ ಕಾಲವದು. ಅನಿಲ ತುಂಬಿದ ಬೃಹತ್ ನೌಕೆಗಳೇ ಖಂಡಗಳನ್ನು ಜೋಡಿಸುತ್ತವೆ ಎಂದು ಅನೇಕರು ನಂಬಿದ್ದರು. ಇಂಗ್ಲೆಂಡಿನ ಕಾರ್ಡಿಂಗ್ಟನ್‌ನಲ್ಲಿ ಸರ್ಕಾರ ಕಟ್ಟಿಸಿದ ಈ ನೌಕೆಯ ಉದ್ದ 777 ಅಡಿ. ಅದು ಬರಬೇಕಾಗಿದ್ದದ್ದು ಆಗ ಭಾರತದಲ್ಲಿದ್ದ ಕರಾಚಿಗೆ. ಅದರ ಒಡಲಲ್ಲಿ ಎತ್ತಿನ ಕರುಳಿನ ಪೊರೆ ಹೊದಿಸಿದ ಚೀಲಗಳು. ಅವುಗಳಲ್ಲಿ ಕಿಡಿ ತಗುಲಿದರೆ ಹೊತ್ತಿಕೊಳ್ಳುವ ಜಲಜನಕ.

1930ರ ಜುಲೈನಲ್ಲಿ ತಪಾಸಣೆಯ ಅಧಿಕಾರಿ ಫ್ರೆಡರಿಕ್ ಮೆಕ್‌ವೇಡ್ ಎಚ್ಚರಿಕೆ ಕೊಟ್ಟರು: ಚೀಲಗಳು ಚೌಕಟ್ಟಿಗೆ ಉಜ್ಜಿ ತೂತಾಗುತ್ತಿವೆ, ಮೆತ್ತೆ ಕಟ್ಟುವುದು ಪರಿಹಾರವಲ್ಲ. ಆದರೂ ಮೆತ್ತೆಯನ್ನೇ ನೆಚ್ಚಿದರು. ವಾಯುಯಾನ ಸಚಿವ ಲಾರ್ಡ್ ಥಾಮ್ಸನ್ ಭಾರತಕ್ಕೆ ಹೋಗಿ ಅಕ್ಟೋಬರ್ 20ರೊಳಗೆ ಲಂಡನ್ನಿಗೆ ಮರಳಬೇಕಿತ್ತು. ನೌಕೆಯನ್ನು ಉದ್ದ ಮಾಡಿದ ಮೇಲೆ ನಡೆದದ್ದು ಒಂದೇ ಪರೀಕ್ಷಾ ಹಾರಾಟ; ಪೂರ್ಣ ವೇಗದಲ್ಲಿ ಓಡಿಸಿ ನೋಡಲಿಲ್ಲ. ಅಕ್ಟೋಬರ್ 4ರ ಸಂಜೆ ಹೊರಟೇಬಿಟ್ಟಿತು. ಮಳೆಗಾಳಿಯಲ್ಲಿ ಸಾಗಿ, ನಡುರಾತ್ರಿ ಎರಡರ ಸುಮಾರಿಗೆ ಫ್ರಾನ್ಸಿನ ಬೋವೆ ಬಳಿ ನೆಲಕ್ಕೆ ತಾಗಿ ಉರಿದುಹೋಯಿತು. 54 ಮಂದಿಯಲ್ಲಿ 48 ಮಂದಿ ಸತ್ತರು, ಸಚಿವರೂ ಅವರಲ್ಲೊಬ್ಬರು. ಮುಂಭಾಗದ ಚೀಲದಿಂದ ಅನಿಲ ಸೋರಿರಬೇಕೆಂದು 1931ರ ವಿಚಾರಣಾ ವರದಿ ಹೇಳಿತು.

ಪ್ರಿಯರೇ, ಹಾರಬೇಕೆಂಬ ಆಸೆ ಪಾಪವಲ್ಲ. ಬುದ್ಧಿ ಕೊಟ್ಟವನು ದೇವರೇ. ಆ ಸಚಿವರು ದುಷ್ಟರೂ ಅಲ್ಲ. ನೌಕೆಯನ್ನು ನಂಬಿ ತಾವೇ ಹತ್ತಿದರು. ಎಚ್ಚರವಾಗಬೇಕಾದದ್ದು ಇಲ್ಲಿಯೇ. ಅವಸರವು ಒಳ್ಳೆಯವರ ಕಣ್ಣನ್ನೂ ಕಟ್ಟುತ್ತದೆ. ಸಂತ ಥಾಮಸ್ ಅಕ್ವೀನಾಸರು ದುಡುಕನ್ನು ವಿವೇಕವೆಂಬ ಸದ್ಗುಣಕ್ಕೆ ವಿರುದ್ಧವಾದ ಪಾಪವೆಂದೇ ಎಣಿಸಿದ್ದಾರೆ.

ನಮ್ಮ ಮನೆಗಳಲ್ಲೂ ಹೀಗೆಯೇ ಅಲ್ಲವೇ? ಛತ್ರ ಗೊತ್ತಾಗಿದೆ, ಲಗ್ನಪತ್ರಿಕೆ ಹಂಚಿಯಾಗಿದೆ. ಆಗ ಮಗಳು ಮೆಲ್ಲನೆ, "ಅಪ್ಪಾ, ಈ ಹುಡುಗನ ವಿಷಯದಲ್ಲಿ ನನಗೆ ಭಯವಾಗ್ತಿದೆ" ಅನ್ನುತ್ತಾಳೆ. "ಈಗ ಹೇಳಿದರೆ ಹೇಗಮ್ಮಾ, ಎಲ್ಲಾ ಸರಿಹೋಗುತ್ತೆ" ಎಂದು ನಾವು ಮೆತ್ತೆ ಕಟ್ಟುತ್ತೇವೆ. ಗಂಡನ ಕುಡಿತಕ್ಕೆ, ತೀರಿಸಲಾಗದ ಸಾಲಕ್ಕೆ, ಅಣ್ಣತಮ್ಮಂದಿರ ಮುನಿಸಿಗೆ ಕಟ್ಟುವುದೂ ಅದೇ ಮೆತ್ತೆ. ಹೊರಗಿನವರಿಗೆ ಕಾಣುವುದಿಲ್ಲ, ಒಳಗೆ ಪೊರೆ ಸವೆಯುತ್ತಲೇ ಇರುತ್ತದೆ.

ಮನಸ್ಸಾಕ್ಷಿ ದೇವರು ನಮ್ಮೊಳಗೆ ನೇಮಿಸಿದ ತಪಾಸಣೆಗಾರ. ಪಾಪನಿವೇದನೆಯೆಂದರೆ ಆತನ ವರದಿಯನ್ನು ಮಡಚಿಡದೆ ದೇವರ ಮುಂದೆ ಬಿಚ್ಚುವುದು. ಒಮ್ಮೊಮ್ಮೆ ಆ ವರದಿಯನ್ನು ದೇವರು ಹೆಂಡತಿಯ ಬಾಯಿಂದಲೋ ಮಗುವಿನ ಬಾಯಿಂದಲೋ ಓದಿಸುತ್ತಾನೆ.

ಇಂದು ರಾತ್ರಿ ಜಪಸರದ ನಂತರ ದೀಪ ಆರಿಸುವ ಮುನ್ನ, "ನಾನು ಯಾರ ಮಾತಿಗೆ ಕಿವಿಗೊಟ್ಟಿಲ್ಲ?" ಎಂದು ನಿಮ್ಮನ್ನೇ ಕೇಳಿಕೊಳ್ಳಿ. ಉತ್ತರ ಹೊಳೆದರೆ ನಾಳೆಗೆ ಮುಂದೂಡಬೇಡಿ. ಪ್ರಯಾಣ ಒಂದು ದಿನ ತಡವಾದರೂ ಚಿಂತೆಯಿಲ್ಲ. ಮನೆಮಂದಿಯೆಲ್ಲ ದಡ ಸೇರಬೇಕು.